ಸೂರ್ಯನ ಚಿತ್ರ ಸರಿಯಾಗಿ ಬರುತ್ತಿಲ್ಲವೇ? ಬಾಹ್ಯಾಕಾಶ ವೀಕ್ಷಣಾಲಯದ ಡೇಟಾದಲ್ಲಿ ದೋಷ ಹುಡುಕುವ ಕೈಪಿಡಿ

ಬೆಂಗಳೂರಿನಲ್ಲಿ ಕೂತು ಸೂರ್ಯನ ಡೇಟಾ ನೋಡುವವರು ಈಗ ಜಾಸ್ತಿಯಾಗಿದ್ದಾರೆ. ಆದಿತ್ಯ-ಎಲ್1 ಬಂದ ಮೇಲೆ ಕಾಲೇಜು ಹುಡುಗ ಹುಡುಗಿಯರೂ ಪ್ರಾಜೆಕ್ಟ್‌ಗೆ ಸೂರ್ಯನನ್ನೇ ಆರಿಸಿಕೊಳ್ಳುತ್ತಿದ್ದಾರೆ. ಅದು ಸಹಜ. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಹೊರಟ ಆ ನೌಕೆಯ ಉಪಕರಣಗಳಲ್ಲಿ ಹಲವು ನಮ್ಮ ಊರಿನಲ್ಲೇ ತಯಾರಾದವು. ಸೂರ್ಯನ ಹೊರ ವಾತಾವರಣವಾದ ಕರೋನಾವನ್ನು ನೋಡುವ ವೆಲ್ಕ್ ಉಪಕರಣ ಹೊಸಕೋಟೆಯ ಕ್ಯಾಂಪಸ್‌ನಲ್ಲಿ ರೂಪುಗೊಂಡಿತು. ಎಕ್ಸ್-ರೇ ಅಳೆಯುವ ಸೋಲೆಕ್ಸ್ ಮತ್ತು ಹೀಲಿಯೋಸ್ ಯು.ಆರ್. ರಾವ್ ಉಪಗ್ರಹ ಕೇಂದ್ರದವು. ಡೇಟಾ ಸಂಗ್ರಹವಾಗುವುದು ಬಿಡದಿ ಕಡೆಯ ಬ್ಯಾಲಾಳುವಿನಲ್ಲಿ. ಇಸ್ರೋದ ಪ್ರದಾನ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿಕೊಂಡರೆ ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

ಫೈಲ್ ಇಳಿಸಿಕೊಂಡ ಮೇಲೆ ತೊಂದರೆ ಶುರುವಾಗುತ್ತದೆ. ಚಿತ್ರ ಕಪ್ಪಾಗಿರುತ್ತದೆ. ಸೂರ್ಯ ತಲೆಕೆಳಗಾಗಿರುತ್ತಾನೆ. ಮಧ್ಯದಲ್ಲಿ ತೂತು ಬಿದ್ದಂತೆ ಕಾಣುತ್ತದೆ. ಕೆಲವರು ಗಾಬರಿಯಾಗಿ ಉಪಗ್ರಹವೇ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಇನ್ನು ಕೆಲವರು ಹೊಸದೇನೋ ಸಿಕ್ಕಿತು ಎಂದು ಹಿಗ್ಗುತ್ತಾರೆ. ಎರಡಕ್ಕೂ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ವಿಚಿತ್ರ ಎಲ್ಲಿ ಸೇರಿಕೊಂಡಿತು? ನನ್ನ ಕಂಪ್ಯೂಟರ್‌ನಲ್ಲೇ? ಡೇಟಾ ಬಂದ ದಾರಿಯಲ್ಲೇ? ಕ್ಯಾಮೆರಾದಲ್ಲೇ? ಅಥವಾ ನಿಜವಾಗಿಯೂ ಸೂರ್ಯನಲ್ಲೇ? ಹುಡುಕುವುದನ್ನು ಯಾವಾಗಲೂ ನಮ್ಮ ಕಡೆಯ ತುದಿಯಿಂದ ಶುರು ಮಾಡಿ. ಅಲ್ಲಿ ನೋಡಲು ಖರ್ಚಿಲ್ಲ, ತಪ್ಪು ಸಿಗುವುದೂ ಅಲ್ಲೇ ಜಾಸ್ತಿ.

ಕಣ್ಣಿನ ವಿಚಾರ ಮೊದಲು

ಚಿತ್ರದಲ್ಲಿ ಕಂಡ ಕಲೆ ನಿಜವೇ ಎಂದು ನೋಡಲು ಕೆಲವರು ತಾರಸಿಗೆ ಓಡುತ್ತಾರೆ. ದಯವಿಟ್ಟು ಬರಿಗಣ್ಣಲ್ಲಿ ಸೂರ್ಯನನ್ನು ನೋಡಬೇಡಿ. ಹಳೆಯ ಎಕ್ಸ್-ರೇ ಫಿಲ್ಮ್, ಮಸಿ ಹಿಡಿಸಿದ ಗಾಜು, ಎರಡು ಮೂರು ಕೂಲಿಂಗ್ ಗ್ಲಾಸ್ ಒಟ್ಟಿಗೆ ಹಾಕಿಕೊಳ್ಳುವುದು, ಬಕೆಟ್ ನೀರಿನಲ್ಲಿ ಪ್ರತಿಬಿಂಬ ನೋಡುವುದು, ಯಾವುದೂ ಸುರಕ್ಷಿತವಲ್ಲ. ಟೆಲಿಸ್ಕೋಪ್ ಇದ್ದರೆ ಸೋಲಾರ್ ಫಿಲ್ಟರ್ ಮುಂದಿನ ಬಾಯಿಗೇ ಕೂರಬೇಕು. ಕಣ್ಣಿಡುವ ಮಸೂರಕ್ಕೆ ತಿರುಗಿಸಿ ಹಾಕುವ ಸಣ್ಣ ಫಿಲ್ಟರ್ ಬಿಸಿಗೆ ಸೀಳಿಬಿಡುತ್ತದೆ, ಅದನ್ನು ಬಳಸಲೇಬೇಡಿ. ಪಕ್ಕದ ಫೈಂಡರ್ ದುರ್ಬೀನಿಗೂ ಮುಚ್ಚಳ ಹಾಕಿ. ಬಿಳಿ ಹಾಳೆಯ ಮೇಲೆ ಸೂರ್ಯನ ಬಿಂಬ ಬೀಳಿಸಿ ನೋಡುವುದು ಒಳ್ಳೆಯ ದಾರಿ. ಆದರೆ ಮಕ್ಕಳಿರುವ ಮನೆಯಲ್ಲಿ ಟೆಲಿಸ್ಕೋಪ್ ಬಿಟ್ಟು ಒಂದು ನಿಮಿಷವೂ ಆಚೆ ಹೋಗಬೇಡಿ.

ರೆಟಿನಾಗೆ ನೋವು ಗೊತ್ತಾಗುವುದಿಲ್ಲ. ಸುಟ್ಟರೂ ಆ ಹೊತ್ತಿಗೆ ತಿಳಿಯುವುದಿಲ್ಲ. ನೋಡಿದ ಕೆಲವು ಗಂಟೆಗಳಲ್ಲಿ ದೃಷ್ಟಿಯ ಮಧ್ಯೆ ಕಪ್ಪು ಚುಕ್ಕೆ ಕಂಡರೆ, ಅಕ್ಷರದ ಸಾಲು ಸೊಟ್ಟಗೆ ಕಂಡರೆ, ಡೇಟಾ ಕೆಲಸ ಅಲ್ಲೇ ಬಿಟ್ಟು ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಮಿಂಟೋ ಆಸ್ಪತ್ರೆ ಸರ್ಕಾರದ್ದು, ಕಣ್ಣಿಗೇ ಮೀಸಲಾದದ್ದು. ಬೆಳಗಾಗಲಿ ಎಂದು ಕಾಯಬೇಡಿ.

ಫೈಲ್ ತೆರೆದರೆ ಪೂರ್ತಿ ಕಪ್ಪು

ಅತಿ ಹೆಚ್ಚು ಕೇಳಿಬರುವ ದೂರು ಇದೇ. ಫೈಲ್ ಕೆಟ್ಟಿರುವುದು ಅಪರೂಪ.

ಸೂರ್ಯನ ಡೇಟಾ ಸಾಮಾನ್ಯವಾಗಿ ಫಿಟ್ಸ್ ಎಂಬ ರೂಪದಲ್ಲಿ ಬರುತ್ತದೆ. ಇದು ಮೊಬೈಲ್ ಫೋಟೋದ ತರ ಅಲ್ಲ, ಒಳಗಿರುವುದು ಬರೀ ಅಂಕಿಗಳು. ನಾಸಾದ ಎಸ್‌ಡಿಒ ನೌಕೆಯ ಎಐಎ ಕ್ಯಾಮೆರಾದ ಒಂದು ಚಿತ್ರವನ್ನೇ ತೆಗೆದುಕೊಳ್ಳಿ. ಉದ್ದ 4096, ಅಗಲ 4096 ಚುಕ್ಕೆಗಳು. ಶಾಂತವಾಗಿರುವ ಜಾಗದಲ್ಲಿ ಬೆಲೆ ಕೆಲವು ನೂರು ಇದ್ದರೆ, ಜ್ವಾಲೆ (ಸೂರ್ಯನಲ್ಲಿ ದಿಢೀರನೆ ಆಗುವ ಬೆಳಕಿನ ಸ್ಫೋಟ) ಎದ್ದ ಜಾಗದಲ್ಲಿ ಹದಿನಾರು ಸಾವಿರದ ಹತ್ತಿರ ಹೋಗುತ್ತದೆ. ಸಾಫ್ಟ್‌ವೇರ್ ಅತಿ ಚಿಕ್ಕದನ್ನು ಕಪ್ಪು, ಅತಿ ದೊಡ್ಡದನ್ನು ಬಿಳಿ ಎಂದು ಸಮವಾಗಿ ಹಂಚಿದರೆ ಉಳಿದ ಸೂರ್ಯನೆಲ್ಲ ಕಪ್ಪಿನೊಳಗೆ ಮುಳುಗಿಹೋಗುತ್ತಾನೆ.

ಫಿಟ್ಸ್ ಚಿತ್ರ ತೋರಿಸುವ ಡಿಎಸ್9 ತಂತ್ರಾಂಶದಲ್ಲಿ ಸ್ಕೇಲ್ ಮೆನುಗೆ ಹೋಗಿ ಲಾಗ್ ಆರಿಸಿ. ಸಾಕಾಗದಿದ್ದರೆ ಝಡ್‌ಸ್ಕೇಲ್ ಒತ್ತಿ. ಪೈಥಾನ್ ಬಳಸುವವರು ಮೇಲಿನ ಮಿತಿಯನ್ನು ತಾವೇ ಕೊಡಲಿ. ಹತ್ತರಲ್ಲಿ ಒಂಬತ್ತು ಸಲ ಸೂರ್ಯ ಅಲ್ಲೇ ಎದ್ದು ಬರುತ್ತಾನೆ.

ಬರಲಿಲ್ಲ ಎಂದರೆ ಚಿತ್ರದ ಕನಿಷ್ಠ, ಗರಿಷ್ಠ ಬೆಲೆಗಳನ್ನು ಕೇಳಿ ನೋಡಿ. ಡೇಟಾವೇ ಇಲ್ಲ ಎಂದು ಪೈಥಾನ್ ಹೇಳಿದರೆ ನೀವು ಫೈಲಿನ ತಪ್ಪು ಖಾನೆ ತೆರೆದಿದ್ದೀರಿ. ಒತ್ತಿ ಚಿಕ್ಕದು ಮಾಡಿದ ಫಿಟ್ಸ್ ಫೈಲಿನಲ್ಲಿ ಸೊನ್ನೆಯ ಖಾನೆ ಖಾಲಿ, ಚಿತ್ರ ಒಂದನೆಯದರಲ್ಲಿ ಇರುತ್ತದೆ. ಕನಿಷ್ಠ ಗರಿಷ್ಠ ಎರಡೂ ಸೊನ್ನೆಯಾಗಿದ್ದರೆ ಫೈಲಿನ ಗಾತ್ರ ನೋಡಿ. ಅದೇ ದಿನದ ಬೇರೆ ಫೈಲಿಗಿಂತ ತುಂಬಾ ಚಿಕ್ಕದಿದ್ದರೆ ಡೌನ್‌ಲೋಡ್ ಅರ್ಧಕ್ಕೆ ನಿಂತಿದೆ, ಮತ್ತೆ ಇಳಿಸಿ. ಗಾತ್ರ ಸರಿಯಿದ್ದು ಬೆಲೆಗಳು ಎಲ್ಲ ಕಡೆ ಬಹುತೇಕ ಒಂದೇ ಇದ್ದರೆ, ಅದು ಬೇಕೆಂದೇ ಶಟರ್ ಮುಚ್ಚಿ ತೆಗೆದ ಡಾರ್ಕ್ ಫ್ರೇಮ್ ಇರಬಹುದು. ಕ್ಯಾಮೆರಾದ ಸ್ವಂತ ಗದ್ದಲ ಅಳೆಯಲು ಅದು ಬೇಕಾಗುತ್ತದೆ. ಫೈಲಿನ ಹೆಡರ್‌ನಲ್ಲಿ, ಅಂದರೆ ಶುರುವಿನ ಮಾಹಿತಿ ಭಾಗದಲ್ಲಿ, ಚಿತ್ರ ಯಾವ ಬಗೆಯದು ಎಂದು ಬರೆದಿರುತ್ತದೆ, ಓದಿಕೊಳ್ಳಿ.

ಬಣ್ಣದ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಬಂಗಾರದ ಬಣ್ಣದ ಸೂರ್ಯ, ಹಸಿರು ಸೂರ್ಯ, ನೇರಳೆ ಸೂರ್ಯ ಎಲ್ಲ ನಾವು ಹಚ್ಚಿದ ಬಣ್ಣ. ಕಣ್ಣಿಗೆ ಕಾಣದ ಅತಿನೇರಳೆ ಬೆಳಕಿಗೆ ಗುರುತಿಗಾಗಿ ಒಂದೊಂದು ಬಣ್ಣ ಕೊಟ್ಟಿದ್ದಾರೆ. ನಿಮ್ಮ ಚಿತ್ರ ಕಪ್ಪು ಬಿಳುಪಾಗಿ ಬಂದರೆ ಏನೂ ಕೆಟ್ಟಿಲ್ಲ.

ಹೇಳಿದ ಹೊತ್ತಿನಲ್ಲಿ ಜ್ವಾಲೆಯೇ ಕಾಣುವುದಿಲ್ಲ

ಮೊದಲು ಗಡಿಯಾರ. ನೌಕೆಗಳ ಸಮಯ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಗಂಟೆ ತಪ್ಪುವುದು ಗೊತ್ತಾಗುತ್ತದೆ. ತಾರೀಖು ತಪ್ಪುವುದು ಮಾತ್ರ ಗೊತ್ತೇ ಆಗುವುದಿಲ್ಲ.

ಒಂದು ನಿಜವಾದ ಉದಾಹರಣೆ ನೋಡಿ. 2024ರ ಫೆಬ್ರವರಿ 22ರಂದು ಎಕ್ಸ್6.3 ದರ್ಜೆಯ ಜ್ವಾಲೆ ಎದ್ದಿತು (ಎಕ್ಸ್ ಅತಿ ಪ್ರಬಲ ದರ್ಜೆ). ಆದಿತ್ಯದ ಸೂಟ್ ದೂರದರ್ಶಕವೂ ಅದನ್ನು ಹಿಡಿಯಿತು. ಅದು ತುದಿ ಮುಟ್ಟಿದ್ದು ಯುಟಿಸಿ ರಾತ್ರಿ 10:34ಕ್ಕೆ. ಬೆಂಗಳೂರಿನಲ್ಲಿ ಆಗ 23ನೇ ತಾರೀಖು ಬೆಳಗಿನ ಜಾವ 4:04. ನಮ್ಮ ತಾರೀಖು ನೋಡಿ 23ರ ಫೋಲ್ಡರ್ ತೆರೆದವರಿಗೆ ಆ ಜ್ವಾಲೆ ಎಲ್ಲೂ ಸಿಗುವುದಿಲ್ಲ.

ವ್ಯತ್ಯಾಸ ಕೆಲವೇ ಸೆಕೆಂಡಿನದಾದರೆ ಅದು ಬೇರೆ ಕಥೆ. ಆದಿತ್ಯ ನಮಗಿಂತ 15 ಲಕ್ಷ ಕಿ.ಮೀ. ಸೂರ್ಯನ ಕಡೆಗಿದೆ. ಬೆಳಕು ಅಲ್ಲಿಗೆ ಸುಮಾರು ಐದು ಸೆಕೆಂಡ್ ಮುಂಚೆ ತಲುಪುತ್ತದೆ. ಭೂಮಿಯ ಹತ್ತಿರವಿರುವ ನೌಕೆಯ ಡೇಟಾ ಜೊತೆ ಹೋಲಿಸುವಾಗ ಇದು ದೋಷವಲ್ಲ, ದೂರದ ಲೆಕ್ಕ.

ಸೌರಕಲೆ ಇರಬೇಕಾದ ಕಡೆ ಇಲ್ಲ, ಸೂರ್ಯ ತಲೆಕೆಳಗು

ಇಲ್ಲಿ ಮೂರು ಬೇರೆ ಬೇರೆ ತಪ್ಪುಗಳು ಬೆರೆತು ತಲೆ ಕೆಡಿಸುತ್ತವೆ. ಒಂದೊಂದಾಗಿ ಬಿಡಿಸಬೇಕು.

ಮೊದಲನೆಯದು ಕಂಪ್ಯೂಟರ್‌ನದು. ಫಿಟ್ಸ್ ಫೈಲ್ ಚಿತ್ರದ ಮೊದಲ ಸಾಲನ್ನು ಕೆಳಗೆ ಎಣಿಸುತ್ತದೆ. ಪೈಥಾನ್‌ನ ಮಾಮೂಲಿ ಚಿತ್ರ ಬಿಡಿಸುವ ಆಜ್ಞೆ ಮೊದಲ ಸಾಲನ್ನು ಮೇಲೆ ಇಡುತ್ತದೆ. ಸೂರ್ಯ ತಲೆಕೆಳಗಾದ. ಒರಿಜಿನ್ ಎಂಬಲ್ಲಿ ಲೋವರ್ ಎಂದು ಕೊಟ್ಟರೆ ಸರಿಹೋಗುತ್ತದೆ. ಸೂರ್ಯನ ಡೇಟಾಗೆಂದೇ ಇರುವ ಸನ್‌ಪೈ ಎಂಬ ಪೈಥಾನ್ ತಂತ್ರಾಂಶ ಬಳಸಿದರೆ ಅದೇ ನೋಡಿಕೊಳ್ಳುತ್ತದೆ.

ಎರಡನೆಯದು ನೌಕೆಯದು. ಸೂರ್ಯನನ್ನು ನೋಡುವ ಯುರೋಪ್ ಮತ್ತು ನಾಸಾದ ಸೋಹೋ ನೌಕೆ ಹಾರಿದ್ದು 1995ರ ಡಿಸೆಂಬರ್ 2ರಂದು. 2003ರಲ್ಲಿ ಅದರ ದೊಡ್ಡ ಆಂಟೆನಾವನ್ನು ತಿರುಗಿಸುವ ವ್ಯವಸ್ಥೆ ಸಿಕ್ಕಿಹಾಕಿಕೊಂಡಿತು. ಆವತ್ತಿನಿಂದ ಮೂರು ತಿಂಗಳಿಗೊಮ್ಮೆ ಇಡೀ ನೌಕೆಯನ್ನೇ ಅರ್ಧ ಸುತ್ತು ತಿರುಗಿಸುತ್ತಾರೆ. ಸಂಸ್ಕರಿಸಿದ ಚಿತ್ರದಲ್ಲಿ ಉತ್ತರ ಮೇಲಿರುವಂತೆ ಸರಿ ಮಾಡಿರುತ್ತಾರೆ. ಕಚ್ಚಾ ಡೇಟಾದಲ್ಲಿ ನೀವೇ ಹೆಡರ್‌ನ ತಿರುವಿನ ಕೋನ ನೋಡಿ ತಿರುಗಿಸಬೇಕು. ಅದು 180ರ ಆಸುಪಾಸು ಇದ್ದರೆ ಕಾರಣ ಸಿಕ್ಕಿತು.

ಮೂರನೆಯದು ನಾವು ನಿಂತ ಜಾಗದ್ದು. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ನಮಗೆ ಶೂನ್ಯ ನೆರಳಿನ ದಿನ. ಈ ಎರಡರ ನಡುವೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಆಗ ಉತ್ತರಕ್ಕೆ ಮುಖ ಮಾಡಿ ನೋಡುವವರಿಗೆ ಸೂರ್ಯನ ಉತ್ತರ ಭಾಗ ಕೆಳಗೆ, ಪೂರ್ವ ಬಲಗಡೆ. ದಕ್ಷಿಣಕ್ಕೆ ಮುಖ ಮಾಡುವ ಡಿಸೆಂಬರ್‌ನಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಜೊತೆಗೆ ಟೆಲಿಸ್ಕೋಪ್ ಒಳಗಿನ ಕನ್ನಡಿ ಇನ್ನೊಂದು ಸಲ ತಿರುಗಿಸುತ್ತದೆ. ಬೇರೆ ದೇಶದವರು ಬರೆದ ಪುಸ್ತಕದಲ್ಲಿ ಮೇಲೆ ಉತ್ತರ, ಎಡಕ್ಕೆ ಪೂರ್ವ ಎಂದು ಓದಿ ಅದನ್ನೇ ಮೇ ತಿಂಗಳ ನಮ್ಮ ಆಕಾಶಕ್ಕೆ ಹಚ್ಚಿದರೆ ಲೆಕ್ಕ ತಪ್ಪುತ್ತದೆ.

ಇದನ್ನೆಲ್ಲ ಪಕ್ಕಕ್ಕಿಟ್ಟು ಒಂದೇ ಪರೀಕ್ಷೆ ಮಾಡಬೇಕೆಂದರೆ, ಎರಡು ದಿನದ ಚಿತ್ರ ಅಕ್ಕಪಕ್ಕ ಇಡಿ. ಉತ್ತರ ಮೇಲಿರುವ ಸರಿಯಾದ ಚಿತ್ರದಲ್ಲಿ ಕಲೆಗಳು ಎಡದಿಂದ ಬಲಕ್ಕೆ, ದಿನಕ್ಕೆ ಸುಮಾರು 13 ಡಿಗ್ರಿ ಸರಿಯುತ್ತವೆ. ಬಲದಿಂದ ಎಡಕ್ಕೆ ಹೋಗುತ್ತಿದ್ದರೆ ನಿಮ್ಮ ಚಿತ್ರ ತಿರುಗಿದೆ, ಇಲ್ಲವೇ ಕನ್ನಡಿಯಂತೆ ಮಗುಚಿದೆ. ಮೇಲಿನಿಂದ ಕೆಳಕ್ಕೆ ಹೋಗುತ್ತಿದ್ದರೆ ಕಾಲು ಸುತ್ತು ತಿರುಗಿದೆ. ಕಲೆ ಜಾಗ ಬಿಟ್ಟು ಕದಲಲೇ ಇಲ್ಲವಾದರೆ ಅದು ಸೌರಕಲೆಯೇ ಅಲ್ಲ, ಕ್ಯಾಮೆರಾದ ಮೇಲಿನ ಧೂಳಿನ ಕಣ. ಈ ಕೊನೆಯ ಮಾತನ್ನು ಗಟ್ಟಿಯಾಗಿ ನೆನಪಿಡಿ. ಸೂರ್ಯನ ಜೊತೆ ತಿರುಗುವುದು ಸೂರ್ಯನದು. ಕ್ಯಾಮೆರಾದ ಚೌಕಟ್ಟಿನಲ್ಲಿ ನಿಂತಲ್ಲೇ ನಿಲ್ಲುವುದು ಕ್ಯಾಮೆರಾದ್ದು.

ಮಧ್ಯದಲ್ಲಿ ದುಂಡನೆಯ ಕಪ್ಪು ತಟ್ಟೆ

ಇದು ದೋಷವಲ್ಲ, ಉಪಕರಣದ ಉದ್ದೇಶವೇ ಅದು. ಎದುರಿನಿಂದ ಬರುವ ಬಸ್ಸಿನ ಹೆಡ್‌ಲೈಟ್‌ಗೆ ಅಂಗೈ ಅಡ್ಡ ಹಿಡಿದರೆ ಹಿಂದಿನ ರಸ್ತೆ ಕಾಣುತ್ತದೆ ಅಲ್ವಾ, ಹಾಗೆ ಕರೋನಾಗ್ರಾಫ್ ಸೂರ್ಯನ ಬಿಂಬವನ್ನು ಮರೆಮಾಡಿ ಸುತ್ತಲಿನ ಮಸುಕಾದ ಕರೋನಾವನ್ನು ತೋರಿಸುತ್ತದೆ. ಸೋಹೋದ ಕರೋನಾಗ್ರಾಫ್ ಆದ ಲ್ಯಾಸ್ಕೋದಲ್ಲಿ ತಟ್ಟೆಯ ಮೇಲೆ ಬಿಳಿ ಉಂಗುರ ಬರೆದಿರುತ್ತಾರೆ. ಅದೇ ಸೂರ್ಯನ ನಿಜವಾದ ಗಾತ್ರ. ವೆಲ್ಕ್ ಮಾತ್ರ ಸೂರ್ಯನ ಅಂಚಿಗೆ ಬಹಳ ಹತ್ತಿರ, ಸೌರ ತ್ರಿಜ್ಯದ 1.05 ಪಟ್ಟು ದೂರದಿಂದಲೇ ನೋಡುವ ಹಾಗೆ ರೂಪಿಸಿದ್ದು. ಆದ್ದರಿಂದ ಎರಡರ ತಟ್ಟೆಯ ಗಾತ್ರ ಹೊಂದುವುದಿಲ್ಲ.

ಲ್ಯಾಸ್ಕೋ ಸಿ3 ಚಿತ್ರದಲ್ಲಿ ತಟ್ಟೆಯಿಂದ ಮೂಲೆಗೆ ಒಂದು ಕಪ್ಪು ಕಡ್ಡಿ ಹೋಗಿರುತ್ತದೆ. ತಟ್ಟೆಯನ್ನು ಹಿಡಿದುಕೊಂಡಿರುವ ಕಾಲು ಅದು. ಕೆಲವು ತಿಂಗಳು ಕೆಳಗಿನ ಎಡ ಮೂಲೆಯಲ್ಲಿ, ಆಮೇಲೆ ಮೇಲಿನ ಬಲ ಮೂಲೆಯಲ್ಲಿ ಕಂಡರೆ ಹೆದರಬೇಡಿ. ನೌಕೆ ಅರ್ಧ ಸುತ್ತು ತಿರುಗಿದೆ ಅಷ್ಟೇ.

ನಿಜವಾಗಿ ಅನುಮಾನ ಪಡಬೇಕಾದದ್ದು ತಟ್ಟೆಯ ಒಂದು ಬದಿ ಮಾತ್ರ ಅತಿಯಾಗಿ ಬೆಳಗಿದಾಗ. ನೌಕೆಯ ಗುರಿ ಸ್ವಲ್ಪ ಸರಿದು ಸೂರ್ಯನ ಬೆಳಕು ಒಳಗೆ ಸೋರಿರಬಹುದು. ಆ ಫ್ರೇಮಿನ ಹಿಂದಿನ, ಮುಂದಿನ ಫ್ರೇಮ್ ನೋಡಿ. ಹೊರಕ್ಕೆ ಸಾಗುತ್ತಾ ಹೋದರೆ ಅದು ಕರೋನಾದಿಂದ ಎದ್ದ ವಸ್ತುರಾಶಿ. ಒಂದೇ ಸಲಕ್ಕೆ ಬಂದು ಒಂದೇ ಸಲಕ್ಕೆ ಮಾಯವಾದರೆ ಸೋರಿದ ಬೆಳಕು.

ಸೂರ್ಯನ ಮೇಲೆ ಕಪ್ಪು ನೆರಳು ಹಾದುಹೋಗುತ್ತಿದೆ

ಎಸ್‌ಡಿಒ ಚಿತ್ರವಾದರೆ ತಿಂಗಳು ನೋಡಿ. ಈ ನೌಕೆ 2010ರ ಫೆಬ್ರವರಿ 11ರಂದು ಹಾರಿ ಭೂಮಿಯನ್ನೇ ಸುತ್ತುತ್ತಿದೆ. ವರ್ಷಕ್ಕೆ ಎರಡು ಸಲ, ಹಗಲು ರಾತ್ರಿ ಸಮನಾಗುವ ದಿನಗಳ ಆಸುಪಾಸಿನಲ್ಲಿ, ಸುಮಾರು ಮೂರು ವಾರ ಕಾಲ ಭೂಮಿ ಪ್ರತಿದಿನ ಅಡ್ಡ ಬರುತ್ತದೆ. ಹೆಚ್ಚೆಂದರೆ 72 ನಿಮಿಷ.

ಅಡ್ಡ ಬಂದದ್ದು ಭೂಮಿಯೋ ಚಂದ್ರನೋ ಎಂದು ಅಂಚು ನೋಡಿ ಹೇಳಬಹುದು. ಚಂದ್ರನ ಅಂಚು ಬ್ಲೇಡಿನಿಂದ ಕೊಯ್ದ ಹಾಗೆ ಚೂಪು. ಭೂಮಿಯ ಅಂಚು ಮಸುಕು, ಯಾಕೆಂದರೆ ವಾತಾವರಣ ಅತಿನೇರಳೆ ಬೆಳಕನ್ನು ಸ್ವಲ್ಪ ಸ್ವಲ್ಪವಾಗಿ ನುಂಗುತ್ತದೆ. ನೆರಳು ಸರಿದ ಮೇಲೂ ಸ್ವಲ್ಪ ಹೊತ್ತು ಚಿತ್ರ ಮಂಜಾಗಿರಬಹುದು. ತಣ್ಣಗಾದ ಉಪಕರಣ ಮತ್ತೆ ಬಿಸಿಯೇರಿ ಸ್ಥಿರವಾಗಬೇಕು. ಆ ಹೊತ್ತಿನ ಡೇಟಾವನ್ನು ಅಳತೆಗೆ ಬಳಸಬೇಡಿ.

ಆದಿತ್ಯ, ಸೋಹೋ ಎರಡೂ ಸೂರ್ಯ ಮತ್ತು ಭೂಮಿಯ ನಡುವಿನ ಎಲ್1 ಬಿಂದುವಿನ ಸುತ್ತ ಇರುವುದರಿಂದ ಭೂಮಿ ಅವಕ್ಕೆ ಅಡ್ಡ ಬರುವುದೇ ಇಲ್ಲ. ಸೂಟ್ ಚಿತ್ರದಲ್ಲಿ ನೆರಳು ಕಂಡರೆ ಗ್ರಹಣ ಎಂದು ಬರೆದುಬಿಡಬೇಡಿ. ಅಲ್ಲಿ ಕಾರಣ ಬೇರೆ ಹುಡುಕಬೇಕು.

ಸೂರ್ಯನಲ್ಲಿ ದೊಡ್ಡ ತೂತು

ವಾಟ್ಸಾಪ್‌ನಲ್ಲಿ ಅತಿ ಹೆಚ್ಚು ಓಡಾಡುವ ಚಿತ್ರ ಇದು. ಎಐಎಯ 193 ಆಂಗ್‌ಸ್ಟ್ರಮ್ (ಬೆಳಕಿನ ತರಂಗಾಂತರದ ಅಳತೆ) ಚಿತ್ರದಲ್ಲಿ ಸೂರ್ಯನ ಕಾಲು ಭಾಗವೇ ಕಪ್ಪಾದಂತೆ ಕಾಣಬಹುದು. ಇದಕ್ಕೆ ಕರೋನಾ ರಂಧ್ರ ಎನ್ನುತ್ತಾರೆ. ಅಲ್ಲಿ ಕಾಂತರೇಖೆಗಳು ಮಡಚಿ ವಾಪಸ್ ಬರದೆ ಬಾಹ್ಯಾಕಾಶಕ್ಕೆ ತೆರೆದುಕೊಂಡಿರುತ್ತವೆ. ಬಿಸಿ ಅನಿಲ ನಿಲ್ಲದೆ ಹರಿದುಹೋಗುತ್ತದೆ. ಹೊಳೆಯಲು ವಸ್ತು ಕಡಿಮೆ, ಅದಕ್ಕೇ ಕಪ್ಪು.

ಖಚಿತ ಮಾಡಿಕೊಳ್ಳುವುದು ಸುಲಭ. ಅದೇ ಹೊತ್ತಿನ ಮಾಮೂಲಿ ಬೆಳಕಿನ ಚಿತ್ರ ತೆರೆಯಿರಿ. ಅಲ್ಲಿ ಆ ಜಾಗ ಎಲ್ಲದರಂತೆ ಬೆಳಗುತ್ತಿದ್ದರೆ ಕರೋನಾ ರಂಧ್ರ. ಸೂರ್ಯನ ಜೊತೆ ಸರಿಯುತ್ತಲೂ ಇರಬೇಕು. ನಡುಭಾಗಕ್ಕೆ ಬಂದ ಎರಡು ಮೂರು ದಿನಗಳ ನಂತರ ವೇಗದ ಸೌರಗಾಳಿ ಭೂಮಿಗೆ ಬರುವುದುಂಟು. ಆದಿತ್ಯದ ಆಸ್ಪೆಕ್ಸ್ ಉಪಕರಣ ಅಳೆಯುವುದು ಇಂಥ ಗಾಳಿಯನ್ನೇ. ಗಾಳಿಯ ವೇಗ ಏರಿದ್ದು ಅಲ್ಲಿ ಕಂಡರೆ ನಿಮ್ಮ ಗುರುತು ಸರಿ.

ಚಿತ್ರದ ತುಂಬ ಬಿಳಿ ಚುಕ್ಕೆ, ಆಲಿಕಲ್ಲು ಸುರಿದ ಹಾಗೆ

ಇದು ನನಗೆ ಬಹಳ ಇಷ್ಟವಾದ ಲಕ್ಷಣ. ಕ್ಯಾಮೆರಾ ಕೆಡುತ್ತಿರುವಂತೆ ಕಾಣುವುದೇ ಇಲ್ಲಿ ಸೂರ್ಯನ ಸುದ್ದಿ.

ಒಂದು ಫ್ರೇಮಿನಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ, ಗೀಟು ಇದ್ದು ಮುಂದಿನದರಲ್ಲಿ ಇಲ್ಲವಾದರೆ ಅದು ಕಾಸ್ಮಿಕ್ ಕಣಗಳ ಹೊಡೆತ. ಯಾವಾಗಲೂ ಇರುವುದೇ. ಚುಕ್ಕೆಗಳು ಫ್ರೇಮಿನಿಂದ ಫ್ರೇಮಿಗೆ ಹೆಚ್ಚುತ್ತಾ ಹೋಗಿ ಗಂಟೆಗಟ್ಟಲೆ ಉಳಿದರೆ ಅದು ಪ್ರೋಟಾನ್ ಬಿರುಗಾಳಿ. ಸೂರ್ಯನಲ್ಲಿ ದೊಡ್ಡ ಸ್ಫೋಟವಾದಾಗ ಬೆಳಕಿನ ಹತ್ತಿರದ ವೇಗಕ್ಕೆ ಏರಿದ ಪ್ರೋಟಾನ್‌ಗಳು ಕೆಲವು ಹತ್ತು ನಿಮಿಷಗಳಲ್ಲೇ ನೌಕೆಗೆ ಬಂದು ಬಡಿಯುತ್ತವೆ. 2000ದ ಜುಲೈ 14ರಂದು ಮತ್ತು 2003ರ ಅಕ್ಟೋಬರ್ 28ರಂದು ಲ್ಯಾಸ್ಕೋ ಚಿತ್ರಗಳು ಹೀಗೇ ಬಿಳಿ ಚುಕ್ಕೆಗಳಲ್ಲಿ ಮುಚ್ಚಿಹೋದವು. ಆ ಚಿತ್ರಗಳನ್ನು ಹುಡುಕಿ ನೋಡಿ. ಮೊದಲು ಕರೋನಾದಿಂದ ಸುತ್ತಲೂ ಉಂಗುರದಂತೆ ವಸ್ತು ಏಳುತ್ತದೆ, ಅದರ ಬೆನ್ನಿಗೇ ಬಿಳಿ ಚುಕ್ಕೆಗಳ ಮಳೆ ಶುರು.

ಖಚಿತ ಮಾಡಿಕೊಳ್ಳಲು ಭೂಮಿಯನ್ನು ಸುತ್ತುವ ಅಮೆರಿಕದ ಗೋಸ್ ಉಪಗ್ರಹಗಳ ಪ್ರೋಟಾನ್ ಗ್ರಾಫ್ ತೆರೆಯಿರಿ. ಅದೇ ಹೊತ್ತಿಗೆ ರೇಖೆ ಏರಿದ್ದರೆ ಬೇರೆ ಸಾಕ್ಷಿ ಬೇಡ. ಗ್ರಾಫ್ ಚಪ್ಪಟೆಯಾಗಿದ್ದು ನಿಮ್ಮ ಒಂದೇ ಕ್ಯಾಮೆರಾದಲ್ಲಿ ಚುಕ್ಕೆಗಳು ಅದೇ ಅದೇ ಜಾಗದಲ್ಲಿದ್ದರೆ ಅವು ಕೆಟ್ಟ ಪಿಕ್ಸೆಲ್‌ಗಳು. ಡಾರ್ಕ್ ಫ್ರೇಮ್ ಕಳೆದರೆ ಬಹುಪಾಲು ಹೋಗುತ್ತವೆ. ಬಿರುಗಾಳಿಯ ಚುಕ್ಕೆಗಳನ್ನು ಸಾಫ್ಟ್‌ವೇರ್‌ನಿಂದ ಪೂರ್ತಿ ಒರೆಸಿಹಾಕುವ ಮುಂಚೆ ಮೂಲ ಫೈಲ್ ಒಂದು ಪ್ರತಿ ಇಟ್ಟುಕೊಳ್ಳಿ. ಒರೆಸುವ ಭರದಲ್ಲಿ ಧೂಮಕೇತುವೂ ಹೋಗಿಬಿಡಬಹುದು. ಸೋಹೋ ಚಿತ್ರಗಳಲ್ಲಿ ಸಿಕ್ಕ ಧೂಮಕೇತುಗಳ ಸಂಖ್ಯೆ 2024ರ ಮಾರ್ಚ್‌ನಲ್ಲಿ 5000 ಮುಟ್ಟಿತು. ಬಹುಪಾಲು ಕಂಡುಹಿಡಿದವರು ಮನೆಯಲ್ಲಿ ಕೂತು ಫ್ರೇಮ್ ಫ್ರೇಮ್ ನೋಡಿದ ಹವ್ಯಾಸಿಗಳು. ಒಂದೇ ಚುಕ್ಕೆ, ನಾಲ್ಕೈದು ಫ್ರೇಮಿನಲ್ಲಿ, ಸಮನಾದ ಹೆಜ್ಜೆಯಲ್ಲಿ ಸೂರ್ಯನ ಕಡೆ ಸಾಗಿದರೆ ಅದನ್ನು ಬಿಡಬೇಡಿ.

ರೆಕ್ಕೆಯಿರುವ ಹೊಳೆಯುವ ಚೆಂಡು

ಹಾರುವ ತಟ್ಟೆ ಅಲ್ಲ, ಗ್ರಹ. ಶುಕ್ರ, ಗುರು, ಬುಧ ಲ್ಯಾಸ್ಕೋದ ನೋಟದೊಳಗೆ ಬಂದಾಗ ಕ್ಯಾಮೆರಾದ ಪಿಕ್ಸೆಲ್ ತುಂಬಿ ತುಳುಕಿ ಬೆಳಕು ಪಕ್ಕದ ಪಿಕ್ಸೆಲ್‌ಗಳಿಗೆ ಹರಿಯುತ್ತದೆ. ಅದೇ ಎರಡೂ ಕಡೆ ಅಡ್ಡ ಗೆರೆಯಾಗುತ್ತದೆ. ಆಕಾಶ ತೋರಿಸುವ ಸ್ಟೆಲೇರಿಯಂ ತಂತ್ರಾಂಶದಲ್ಲಿ ಆ ದಿನ ಸೂರ್ಯನ ಪಕ್ಕ ಯಾವ ಗ್ರಹ ಇದೆ ಎಂದು ನೋಡಿ. ಎರಡು ನಿಮಿಷದ ಕೆಲಸ.

ಜ್ವಾಲೆಯ ಸುತ್ತ ಅಡ್ಡಾದಿಡ್ಡಿ ಕಿರಣಗಳು, ಫ್ರೇಮ್‌ಗಳು ಮಿಣುಕುತ್ತವೆ

ಎಐಎಯ ಮುಂದಿನ ಫಿಲ್ಟರ್ ಬಹಳ ತೆಳುವಾದ ಲೋಹದ ಹಾಳೆ. ಅದು ಹರಿಯದಂತೆ ಹಿಂದೆ ಜಾಲರಿ ಕೊಟ್ಟಿದ್ದಾರೆ. ಜ್ವಾಲೆಯ ಬೆಳಕು ಆ ಜಾಲರಿಯಲ್ಲಿ ಬಾಗಿ ಎಕ್ಸ್ ಆಕಾರದ ಕಿರಣಗಳಾಗುತ್ತದೆ. ಆ ಕಿರಣಗಳು ಸೂರ್ಯನ ಮೇಲೆ ಇಲ್ಲ.

ಮಿಣುಕುವುದಕ್ಕೆ ಕಾರಣ ಬೇರೆ. ಒಂದು ಹುಡುಗಿ ತನ್ನ ಲ್ಯಾಪ್‌ಟಾಪ್‌ನಲ್ಲಿ 131 ಆಂಗ್‌ಸ್ಟ್ರಮ್‌ನ ಫ್ರೇಮ್‌ಗಳನ್ನು ಓಡಿಸಿ, ‘ಸರ್, ಸೂರ್ಯ ಮಿಡಿತಾ ಇದಾನೆ’ ಎಂದು ತೋರಿಸಿದಳು. ಒಂದು ಫ್ರೇಮ್ ಬೆಳಕು, ಮುಂದಿನದು ಕತ್ತಲು, ಮತ್ತೆ ಬೆಳಕು. ಹೆಡರ್ ತೆರೆದೆವು. ಬೆಳಕಿನ ಫ್ರೇಮಿನಲ್ಲಿ ಎಕ್ಸ್‌ಪೋಷರ್ 2.9 ಸೆಕೆಂಡ್, ಪಕ್ಕದ್ದರಲ್ಲಿ ಅದರ ಒಂದು ಸಣ್ಣ ಪಾಲು. ಜ್ವಾಲೆ ಎದ್ದಾಗ ಕಣ್ಣು ಕುಕ್ಕದಂತೆ ಕ್ಯಾಮೆರಾ ತಾನಾಗಿಯೇ ಹೊತ್ತು ಕಡಿಮೆ ಮಾಡಿಕೊಳ್ಳುತ್ತದೆ. ಪ್ರತಿ ಫ್ರೇಮಿನ ಅಂಕಿಯನ್ನು ಅದರದೇ ಎಕ್ಸ್‌ಪೋಷರ್‌ನಿಂದ ಭಾಗಿಸಿದ ಕೂಡಲೇ ಮಿಡಿತ ನಿಂತಿತು. ಅವಳು ಅಲ್ಲಿಗೆ ಬಿಡಲಿಲ್ಲ, ಕುಳಿತು ಎಲ್ಲ ಫ್ರೇಮ್‌ಗಳ ಎಕ್ಸ್‌ಪೋಷರ್ ಪಟ್ಟಿ ಮಾಡಿ ಜ್ವಾಲೆ ಯಾವಾಗ ಶುರುವಾಯಿತು ಎಂದು ಅದರಿಂದಲೇ ಗುರುತಿಸಿದಳು.

ಭಾಗಿಸಿದ ಮೇಲೂ ಜ್ವಾಲೆಯ ನಡುಭಾಗ ಒಂದೇ ಬೆಲೆಯಲ್ಲಿ ಚಪ್ಪಟೆಯಾಗಿದ್ದರೆ ಆ ಪಿಕ್ಸೆಲ್‌ಗಳು ತುಂಬಿಹೋಗಿವೆ. ಅಲ್ಲಿನ ಮಾಹಿತಿ ಇನ್ನು ಸಿಗುವುದಿಲ್ಲ. ಊಹೆಯಿಂದ ತುಂಬಿಸಬೇಡಿ, ಆ ಭಾಗ ಬಿಟ್ಟು ಲೆಕ್ಕ ಮಾಡಿ.

ಎಕ್ಸ್-ರೇ ಗ್ರಾಫಿನಲ್ಲಿ ಒಂಟಿ ಮೊನೆ, ಇಲ್ಲವೇ ತುದಿ ಚಪ್ಪಟೆ

ಸೋಲೆಕ್ಸ್‌ನಲ್ಲಿ ಎರಡು ಡಿಟೆಕ್ಟರ್‌ಗಳಿವೆ. ಒಂದರ ಬಾಯಿ ಅಗಲ, ಇನ್ನೊಂದರದು ತೀರ ಕಿರಿದು. ಸಣ್ಣ ಜ್ವಾಲೆಗೆ ಅಗಲದ್ದು ಒಳ್ಳೆಯದು. ದೊಡ್ಡ ಜ್ವಾಲೆಯಲ್ಲಿ ಅದು ಎಣಿಸಲಾರದೆ ಸೋಲುತ್ತದೆ, ತುದಿ ಚಪ್ಪಟೆಯಾಗುತ್ತದೆ. ಆಗ ಕಿರಿದರ ಡೇಟಾ ತೆಗೆದುಕೊಳ್ಳಿ. ಅದಕ್ಕಾಗಿಯೇ ಅದನ್ನು ಇಟ್ಟಿರುವುದು.

ಒಂದೇ ಕ್ಷಣದ ಒಂಟಿ ಮೊನೆ ಸಾಮಾನ್ಯವಾಗಿ ಜ್ವಾಲೆಯಲ್ಲ. ಮೆದು (ಕಡಿಮೆ ಶಕ್ತಿಯ) ಎಕ್ಸ್-ರೇಯಲ್ಲಿ ನಿಜವಾದ ಜ್ವಾಲೆ ಬೇಗ ಏರಿ ನಿಧಾನ ಇಳಿಯುತ್ತದೆ. ಎರಡೂ ಡಿಟೆಕ್ಟರ್‌ನಲ್ಲಿ ಇದೆಯೇ, ಗೋಸ್ ಗ್ರಾಫ್‌ನಲ್ಲಿ ಇದೆಯೇ ನೋಡಿ. ಡೇಟಾ ಜೊತೆಗೆ ಬರುವ ಒಳ್ಳೆಯ ಸಮಯದ (ಡೇಟಾ ನಂಬಬಹುದಾದ ಹೊತ್ತುಗಳ) ಪಟ್ಟಿಯಲ್ಲಿ ಆ ಹೊತ್ತು ಸೇರಿದೆಯೇ ಎಂದೂ ನೋಡಿ. ಸೇರಿಲ್ಲವಾದರೆ ಅದನ್ನು ಬಿಟ್ಟುಬಿಡಿ.

ಚಿತ್ರದಲ್ಲಿ ಚೌಕ ತುಂಡುಗಳು ಮಾಯ, ಅಥವಾ ದಿನಗಟ್ಟಲೆ ಡೇಟಾ ಇಲ್ಲ

ಚೌಕಗಳು ಮಾಯವಾಗಿದ್ದರೆ ನೌಕೆಯಿಂದ ಕೆಳಗೆ ಬರುವಾಗ ಕೆಲವು ಪ್ಯಾಕೆಟ್‌ಗಳು ಕಳೆದಿವೆ. ಕೆಲವು ದಿನ ಬಿಟ್ಟು ಮತ್ತೆ ಇಳಿಸಿ ನೋಡಿ. ತಕ್ಷಣದ ಡೇಟಾದಲ್ಲಿ ಇಲ್ಲದ್ದು ಅಂತಿಮ ಪ್ರತಿಯಲ್ಲಿ ಸೇರಿರುವುದುಂಟು.

ಪೂರ್ತಿ ಡೇಟಾ ಇಲ್ಲವಾದರೆ ನೌಕೆ ಸತ್ತಿತು ಎಂದು ತೀರ್ಮಾನಿಸಬೇಡಿ. ಆದಿತ್ಯಕ್ಕೆ ಎಲ್1 ಸುತ್ತ ಒಂದು ಸುತ್ತಿಗೆ ಸುಮಾರು 178 ದಿನ. ಮೊದಲ ಸುತ್ತು 2024ರ ಜುಲೈ 2ರಂದು ಮುಗಿಯಿತು. ಆ ದಾರಿ ತಪ್ಪದಂತೆ ಆಗಾಗ ಸಣ್ಣ ಎಂಜಿನ್‌ಗಳನ್ನು ಉರಿಸಬೇಕು. ಅಂಥ ಹೊತ್ತಿನಲ್ಲಿ ವೀಕ್ಷಣೆ ನಿಲ್ಲಬಹುದು. ಕ್ಯಾಮೆರಾದ ಚಿಪ್‌ನ ಮೇಲೆ ಕೂತ ಕೊಳೆ ಹೋಗಲಿ ಎಂದು ಅದನ್ನು ಬಿಸಿ ಮಾಡುವ ದಿನಗಳೂ ಇರುತ್ತವೆ. ಇನ್ನು 2024ರ ನವೆಂಬರ್‌ನಲ್ಲಿ ಎಸ್‌ಡಿಒ ಡೇಟಾ ನಿಂತಾಗ ನೌಕೆಗೆ ಏನೂ ಆಗಿರಲಿಲ್ಲ. ಸ್ಟ್ಯಾನ್‌ಫರ್ಡ್‌ನ ಡೇಟಾ ಕೇಂದ್ರದೊಳಗೆ ಪೈಪ್ ಒಡೆದು ನೀರು ನುಗ್ಗಿತ್ತು. ಆದ್ದರಿಂದ ಮೊದಲು ಆ ಯೋಜನೆಯ ಪ್ರಕಟಣೆ ಓದಿ.

ವರ್ಷದಿಂದ ವರ್ಷಕ್ಕೆ ಸೂರ್ಯ ಮಂಕಾಗುತ್ತಿದ್ದಾನೆ

ಕಷ್ಟದ ದೋಷ ಇದು, ಯಾಕೆಂದರೆ ಯಾವ ಒಂದು ಚಿತ್ರದಲ್ಲೂ ತಪ್ಪು ಕಾಣುವುದಿಲ್ಲ. ಅತಿನೇರಳೆ ಕ್ಯಾಮೆರಾಗಳು ಬಾಹ್ಯಾಕಾಶದಲ್ಲಿ ನಿಧಾನವಾಗಿ ಕುರುಡಾಗುತ್ತವೆ. ಕೊಳೆಯ ತೆಳು ಪದರ ಕೂರುತ್ತದೆ, ಚಿಪ್‌ನ ಶಕ್ತಿ ಕುಂದುತ್ತದೆ. ಎಐಎಯ 304 ಆಂಗ್‌ಸ್ಟ್ರಮ್ ಚಿತ್ರಗಳಲ್ಲಿ ಇದು ಬಹಳ ಸ್ಪಷ್ಟ. ಹತ್ತು ವರ್ಷದ ಕಚ್ಚಾ ಅಂಕಿ ಇಟ್ಟು ಗ್ರಾಫ್ ಬಿಡಿಸಿದರೆ ಸೂರ್ಯನೇ ಆರಿಹೋಗುತ್ತಿರುವಂತೆ ಕಾಣುತ್ತದೆ.

ಎರಡು ಪರೀಕ್ಷೆಗಳಿವೆ. ಒಂದು, ಬೇರೆ ಬೇರೆ ತರಂಗಾಂತರದ ಇಳಿಕೆ ಹೋಲಿಸಿ. ಸೌರಚಕ್ರಕ್ಕೆ ಎಲ್ಲವೂ 11 ವರ್ಷದ ಏರಿಳಿತ ತೋರಿಸಬೇಕು. ಒಂದೇ ಒಂದು ಬರೀ ಇಳಿಯುತ್ತಿದ್ದರೆ ಅದು ಕ್ಯಾಮೆರಾದ ಮುಪ್ಪು. ಎರಡು, ಉಪಕರಣದ ತಂಡ ಕೊಡುವ ತಿದ್ದುಪಡಿ ಗುಣಕ ಹಚ್ಚಿ. ಈ ಗುಣಕಗಳ ಹಿಂದೆ ದೊಡ್ಡ ಶ್ರಮವಿದೆ. ಹೊಸದಾಗಿ ಅಳತೆ ಹೊಂದಿಸಿದ ಉಪಕರಣವನ್ನು ಸಣ್ಣ ರಾಕೆಟ್‌ನಲ್ಲಿ ಕೆಲವೇ ನಿಮಿಷ ಮೇಲಕ್ಕೆ ಕಳಿಸಿ, ಮೇಲಿರುವ ಹಳೆಯದರ ಜೊತೆ ಹೋಲಿಸುತ್ತಾರೆ. ಗುಣಕ ಯಾವ ಆವೃತ್ತಿಯದು ಎಂದು ನಿಮ್ಮ ವರದಿಯಲ್ಲಿ ಬರೆಯಿರಿ. ತಿದ್ದುಪಡಿ ಹಚ್ಚಿದ ಮೇಲೂ ಇಳಿಕೆ ಉಳಿದರೆ ಇನ್ನು ಒಬ್ಬರೇ ಮುಂದೆ ಹೋಗಬೇಡಿ.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಇನ್ನೊಂದು ನೌಕೆಯಲ್ಲಿ ಕಾಣದ ವಿಚಿತ್ರ, ಹೆಡರ್‌ನಲ್ಲಿ ಕಾರಣವಿಲ್ಲದ ವಿಚಿತ್ರ, ಮತ್ತೆ ಇಳಿಸಿದರೂ ಹೋಗದ ವಿಚಿತ್ರ, ಈ ಮೂರೂ ಒಟ್ಟಿಗಿದ್ದರೆ ನಿಲ್ಲಿಸಿ, ಉಪಕರಣ ಕಟ್ಟಿದವರನ್ನು ಕೇಳಿ. ವೆಲ್ಕ್ ಆದರೆ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ (ಐಐಎ). ಸೂಟ್ ಆದರೆ ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾ. ಫೈಲ್ ಇಳಿಸುವ ತೊಂದರೆಯಾದರೆ ಪ್ರದಾನ್ ಪೋರ್ಟಲ್‌ನವರು. ಸೂರ್ಯನ ಬಗ್ಗೆಯೇ ಮೂಲ ಪ್ರಶ್ನೆಯಿದ್ದರೆ ಹೈಗ್ರೌಂಡ್ಸ್‌ನ ನೆಹರು ತಾರಾಲಯದಲ್ಲಿ ಕೇಳಲು ಸಂಕೋಚ ಬೇಡ.

ಇನ್ನೊಂದು ಗಡಿ ಇದೆ. 2024ರ ಮೇ 10 ಮತ್ತು 11ರ ಭೂಕಾಂತ ಬಿರುಗಾಳಿಯಲ್ಲಿ ಲಡಾಖ್‌ನ ಹಾನ್ಲೆಯಲ್ಲೂ ಆಕಾಶದಲ್ಲಿ ಕೆಂಪು ಅರೋರಾ (ಧ್ರುವಪ್ರಭೆ) ಕಂಡಿತು. ಅಂಥ ಹೊತ್ತಿನಲ್ಲಿ ನಿಮ್ಮ ಗ್ರಾಫ್ ನೋಡಿ ‘ನಾಳೆ ಕರೆಂಟ್ ಹೋಗುತ್ತೆ, ಮೊಬೈಲ್ ನಿಲ್ಲುತ್ತೆ’ ಎಂದು ಸುಮ್ನೆ ಹಂಚಬೇಡಿ. ಎಚ್ಚರಿಕೆ ಕೊಡುವ ಕೆಲಸ ಅದಕ್ಕೆಂದೇ ಇರುವ ಸಂಸ್ಥೆಗಳದ್ದು.

ತಂಡಕ್ಕೆ ಬರೆಯುವಾಗ ಬರೀ ಸ್ಕ್ರೀನ್‌ಶಾಟ್ ಕಳಿಸಬೇಡಿ. ಫೈಲಿನ ಪೂರ್ತಿ ಹೆಸರು, ಯುಟಿಸಿ ಸಮಯ, ಡೇಟಾದ ಹಂತ ಮತ್ತು ಆವೃತ್ತಿ, ನೀವು ಹಚ್ಚಿದ ತಿದ್ದುಪಡಿಗಳು, ಅದೇ ಹೊತ್ತಿನ ಇನ್ನೊಂದು ನೌಕೆಯ ಚಿತ್ರ, ವಿಚಿತ್ರ ಕಂಡ ಪಿಕ್ಸೆಲ್‌ನ ಜಾಗ, ಇಷ್ಟು ಇರಲಿ. ಹಿಂದಿನ ಒಂದು, ಮುಂದಿನ ಒಂದು ಫ್ರೇಮಿನ ಹೆಸರನ್ನೂ ಸೇರಿಸಿ. ಏನೇನು ನೋಡಿ ತಳ್ಳಿಹಾಕಿದಿರಿ ಎಂದು ಎರಡು ಸಾಲು ಬರೆದರೆ ಅವರು ಅಲ್ಲಿಂದ ಮುಂದಕ್ಕೆ ಹುಡುಕುತ್ತಾರೆ.